ಇಬ್ಬರಾದರೆ ನೀವು

ಹಾಪ್‌ಬ್ರೂಕ್, ನ್ಯೂಜೆರ್ಸಿ
೧೮೦೭ನೇ ಇಸವಿ, ಹತ್ತನೇ ತಿಂಗಳು, ೧೫

ಮೊಮ್ಮಗ ಮಾಹ್ಲನ್‌ಗೆ,

ನೀನು ಗೆದ್ದೆ ಎಂದು ನಿನ್ನೆ ಸಂಜೆ ಸುದ್ದಿ ಬಂತು. ಸಂತೋಷ. ಟ್ರೆಂಟನ್‌ನ ಶಾಸನಸಭೆಯ ಬೆಂಚು ಬಲು ಗಟ್ಟಿ ಎಂದು ಕೇಳಿದ್ದೇನೆ, ಅದಕ್ಕೆ ಒಂದು ದಿಂಬು ಹೊಲಿದು ಕಳಿಸಿದ್ದೇನೆ. ಒಳಗಿರುವುದು ನಮ್ಮ ಬಾತುಗಳ ಗರಿ. ಅದರ ಮೇಲೆ ಕೂತು ನಿದ್ದೆ ಮಾಡಬೇಡ.

ನಾನೂ ಪಕ್ಕದ ಮನೆಯ ವಯೊಲೆಟ್ ಮಿಂಗೊಳೂ ಚುನಾವಣೆಯ ಮೊದಲ ದಿನವೇ ಹೋಗಿ ನಿನ್ನ ಹೆಸರಿನ ಚೀಟಿ ಹಾಕಿ ಬಂದೆವು. ಗಾಡಿ ಕಳಿಸುತ್ತೇವೆಂದು ನಿನ್ನ ಕಡೆಯವರು ಹೇಳಿದ್ದರು, ಬೇಡವೆಂದೆ. ಗಾಡಿ ಕಳಿಸಿದವನು ಒಳಗಿರುವ ಓಟನ್ನೂ ತನ್ನದೇ ಅಂದುಕೊಳ್ಳುತ್ತಾನೆ. ನಡೆದೇ ಹೋದೆವು. ಹೆಂಡದಂಗಡಿಯ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಮೂವರು ಕೂತಿದ್ದರು. ಕಳೆದ ಚಳಿಗಾಲ ಉತ್ತರದ ಕಡೆ ಯಾವುದೋ ಜಗಳದ ಓಟಿನಲ್ಲಿ ಗಂಡಸರು ಲಂಗ ಉಟ್ಟು, ಹೆಂಗಸರ ಟೊಪ್ಪಿ ಬಾನೆಟ್ ಕಟ್ಟಿಕೊಂಡು, ಒಬ್ಬೊಬ್ಬನೂ ಎರಡೆರಡು ಸಲ ಚೀಟಿ ಹಾಕಿದರಂತಲ್ಲ, ಅದು ಇಲ್ಲಿಯವರಿಗೂ ಒಂದು ಆಟವಾಗಿದೆ. ಪೆಟ್ಟಿಗೆ ಕಾಯುವ ಹುಡುಗಮುಖದವನು ನನ್ನನ್ನು ತಡೆದ.

"ಬಾನೆಟ್ ಬಿಚ್ಚು ಅಜ್ಜಿ, ಗಡ್ಡ ಇದ್ಯೋ ಇಲ್ವೋ ನೋಡ್ಬೇಕು."

"ಇದೆ ಕಣಪ್ಪ, ನಾಲ್ಕು ಕೂದ್ಲು. ನಿನ್ ಮುಖದಲ್ಲಿರೋದಕ್ಕಿಂತ ಎರಡು ಜಾಸ್ತೀನೇ."

ಜನ ನಕ್ಕರು. ವಯೊಲೆಟ್ ನಗಲಿಲ್ಲ. ನನ್ನ ಆಸ್ತಿಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ, ಅವಳದು ಕಪ್ಪು ಮೈಯಲ್ಲವೇ, ಅವಳದನ್ನು ಮಾತ್ರ ಕೆದಕಿ ಕೆದಕಿ ಕೇಳಿದರು. ತೀರಿಹೋದ ಅವಳ ಗಂಡ ಪ್ರಿನ್ಸ್ ಯುದ್ಧದಲ್ಲಿ ಸೈನ್ಯದ ಗಾಡಿ ಹೊಡೆದವನು, ಆ ಒಂದು ಎಕರೆಯನ್ನು ತಾನೇ ದುಡಿದು ಕೊಂಡವನು ಎನ್ನುವುದು ಕೇಳಿದವರಿಗೂ ಗೊತ್ತು. ಅವರ ಮನೆಯ ಬಟ್ಟೆ ಒಗೆಯುವುದು ವಯೊಲೆಟ್ ಕಾಯಿಸಿದ ಸೋಪಿನಲ್ಲೇ.

ಈಗ ಕೆಲಸದ ಮಾತು. ನಮ್ಮ ಓಟನ್ನು ತೆಗೆಯುವ ಆಲೋಚನೆ ಟ್ರೆಂಟನ್‌ನಲ್ಲಿ ನಡೆದಿದೆಯಂತೆ. ಕಡಲಾಚೆಯ ದೊರೆಯನ್ನು ಬೇಡವೆಂದ ವರ್ಷ ನಮ್ಮ ರಾಜ್ಯದವರು ಬರೆದುಕೊಂಡ ಸಂವಿಧಾನದಲ್ಲಿ 'ಎಲ್ಲ ನಿವಾಸಿಗಳು' ಎಂದಿದೆ. ವಯಸ್ಸಾಗಿರಬೇಕು, ಐವತ್ತು ಪೌಂಡಿನ ಆಸ್ತಿ ಇರಬೇಕು, ಅಷ್ಟೇ. ಗಂಡು ಎಂದಿಲ್ಲ, ಬಿಳಿ ಎಂದಿಲ್ಲ. ಆಮೇಲಿನ ಕಾನೂನಿನಲ್ಲಂತೂ 'ಅವನು ಅಥವಾ ಅವಳು' ಎಂದು ಅಚ್ಚೇ ಆಗಿದೆ. ನಿನ್ನ ತಾತ ಇರುವವರೆಗೆ ಹೊಲ ಮನೆ ಎಲ್ಲ ಅವನದು, ಆದ್ದರಿಂದ ನಾನು ನಿವಾಸಿಯಲ್ಲ. ಅವನು ಸತ್ತ ಮೇಲೆ ನಿವಾಸಿಯಾದೆ. ಅವನಿಗಾಗಿ ತುಂಬ ಅತ್ತೆ, ಆದರೆ ಓಟನ್ನು ವಾಪಸು ಕೊಡುತ್ತೇನೆಂದು ಯಾವತ್ತೂ ಅನ್ನಲಿಲ್ಲ.

ಅರ್ಜಿ ಹಾಕೋಣ ಎಂದವಳು ವಯೊಲೆಟ್. ನಾನು ಬರೆದೆ. ಅವಳು ಮನೆಮನೆಗೆ ನಡೆದು ವಿಧವೆಯರಿಂದಲೂ ಕಪ್ಪುಜನರಿಂದಲೂ ಸಹಿಯ ಗುರುತು ಹಾಕಿಸುತ್ತಿದ್ದಾಳೆ. ನೀನು ಸಭೆಯಲ್ಲಿ ಎದ್ದು ನಿಂತು ಅದನ್ನು ಓದಬೇಕು. ನಿನ್ನಿಂದ ನಮಗೆ ಬೇಕಾದದ್ದು ಅಷ್ಟೇ.

ಕೊನೆಗೆ ಒಂದು. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು 'ನೀವು, ತಾವು' ಎಂದು ಬೆಣ್ಣೆ ಹಚ್ಚುತ್ತಾರಂತೆ. ನಿನ್ನ ನಾಲಿಗೆಗೆ ಅದು ಅಂಟದಿರಲಿ. ಹೊರಗಿನವರು ನಮ್ಮ ಪಂಥದವರನ್ನು ಕ್ವೇಕರರೆಂದು ಕರೆದು ಆಡಿಕೊಳ್ಳುವುದು ಇಂಥದ್ದಕ್ಕೇ, ಆಡಿಕೊಳ್ಳಲಿ. ಒಬ್ಬನಾದರೆ ನೀನು, ಇಬ್ಬರಾದರೆ ನೀವು. ಗವರ್ನರನೂ ಒಬ್ಬನೇ. ನ್ಯಾಯಾಧೀಶನಿಗೆ ನೀನು ಅಂದದ್ದಕ್ಕೆ ನಿನ್ನ ತಾತ ಒಂದು ವಾರ ಜೈಲಿನಲ್ಲಿ ಕೂತು ಬಂದ. ಅಲ್ಲಿಯ ಗಂಜಿ ಚೆನ್ನಾಗಿತ್ತೆಂದು ಆಮೇಲೆ ಹೇಳುತ್ತಿದ್ದ.

ನಿನ್ನ ಅಜ್ಜಿ
ಕೆಟೂರಾ ಹೇನ್ಸ್


ಟ್ರೆಂಟನ್
೧೮೦೭ ಅಕ್ಟೋಬರ್ ೩೦

ಪ್ರೀತಿಯ ಅಜ್ಜಿಗೆ,

ಪತ್ರವೂ ದಿಂಬೂ ತಲುಪಿದವು. ಪಕ್ಕದಲ್ಲಿ ಕೂರುವ ಹಿರಿಯ ಸದಸ್ಯರೊಬ್ಬರು ದಿಂಬನ್ನು ಎರವಲು ಕೇಳಿ ಪಡೆದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ. ನಮ್ಮವರ ಪದ್ಧತಿಯಂತೆ ಬೈಬಲ್ ಮುಟ್ಟಿ ಆಣೆ ಇಡದೆ, ಬಾಯಿಮಾತಿನಲ್ಲಿ ದೃಢಪಡಿಸಿ ಅಧಿಕಾರ ವಹಿಸಿಕೊಂಡೆ. ಯಾರ ಮುಂದೆಯೂ ಟೊಪ್ಪಿ ತೆಗೆಯದ ನಮ್ಮ ಪದ್ಧತಿ ಇಲ್ಲಿ ಏನಾಯಿತೆಂಬುದನ್ನು ಮುಂದೆ ಯಾವಾಗಲಾದರೂ ಬರೆಯುತ್ತೇನೆ.

ನೀವು ಹೇಗಿದ್ದೀರಿ? ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಚಳಿ ಹೆಚ್ಚಾಗುವ ಮೊದಲೇ ಕಾಲಿಗೆ ಫ್ಲಾನೆಲ್ ಬಟ್ಟೆ ಸುತ್ತಿಕೊಳ್ಳಿ. ಸೇಬು ಬೇಯಿಸುವ ಕೆಲಸಕ್ಕೆ ಯಾರನ್ನಾದರೂ ಕೂಲಿಗೆ ಇಟ್ಟುಕೊಳ್ಳಿ, ನೀವೇ ಬಗ್ಗಿ ಎತ್ತಬೇಡಿ.

ಚುನಾವಣೆಯ ಬಗ್ಗೆ ಇಲ್ಲಿ ಮಾತುಕತೆ ನಡೆದಿರುವುದು ನಿಜ. ಕಳೆದ ಚಳಿಗಾಲದ ಗಲಭೆಯಿಂದ ಎರಡೂ ಪಕ್ಷದವರು ಬೇಸತ್ತಿದ್ದಾರೆ, ಎಂದೂ ಒಂದಾಗದವರು ಈ ವಿಷಯದಲ್ಲಿ ಒಂದಾಗಿ ಕೂತಿದ್ದಾರೆ. ಆದರೆ ನೀವು ಹೆದರಬೇಕಾಗಿಲ್ಲ. ನಿಮ್ಮ ಓಟಿಗೆ ಏನೂ ಆಗದಂತೆ ನೋಡಿಕೊಳ್ಳುವುದು ನನ್ನ ಹೊಣೆ, ಮಾತು ಕೊಡುತ್ತೇನೆ. ಅರ್ಜಿ ಮಾತ್ರ ಈಗ ಬೇಡ. ಹೊಸ ಸದಸ್ಯನ ಅಜ್ಜಿಯ ಕೈಬರಹದ ಕಾಗದ ಸಭೆಗೆ ಬಂದರೆ ನಗಲು ಕಾಯುತ್ತಿರುವವರಿಗೆ ನಾವೇ ವಿಷಯ ಒದಗಿಸಿದ ಹಾಗಾಗುತ್ತದೆ. ನೀವು ನನ್ನ ಮೇಲೆ ನಂಬಿಕೆ ಇಟ್ಟು ನಿಶ್ಚಿಂತೆಯಿಂದಿರಿ.

ಮೊಮ್ಮಗ
ಮಾಹ್ಲನ್


ಹಾಪ್‌ಬ್ರೂಕ್
೧೮೦೭, ಹನ್ನೊಂದನೇ ತಿಂಗಳು, ೫

ಮಾಹ್ಲನ್,

'ಅಕ್ಟೋಬರ್' ಎಂದು ಬರೆದಿದ್ದೀಯಲ್ಲ, ಅದು ಯಾವ ಊರಿನ ತಿಂಗಳು? ನಮ್ಮವರಿಗೆ ತಿಂಗಳಿಗೂ ವಾರಕ್ಕೂ ಎಣಿಕೆಯೇ ಹೆಸರು. ನಿನ್ನ ತಾಯಿ ನಿನ್ನನ್ನು ಹೆತ್ತದ್ದು ಹತ್ತನೇ ತಿಂಗಳಲ್ಲಿ. ಹೋಗಲಿ, ಈ ಸಲ ಬಿಟ್ಟಿದ್ದೇನೆ. ಪತ್ರದ ಉಳಿದ ಭಾಗ ನನ್ನ ಕೋಪವನ್ನು ಇಳಿಸಿತು.

ನೀನು ಪತ್ರವಿಡೀ ನೀವು ನೀವು ಎಂದು ನನ್ನನ್ನೂ ವಯೊಲೆಟ್‌ಳನ್ನೂ ಒಟ್ಟಿಗೆ ಸೇರಿಸಿ ಬರೆದದ್ದು ನನಗೆ ಎಷ್ಟು ಹಿತವಾಯಿತೆಂದರೆ, ಕೈಯಲ್ಲಿದ್ದ ಸೌಟನ್ನೂ ಇಡದೆ ಬೇಲಿ ದಾಟಿ ಹೋಗಿ ಅವಳಿಗೆ ಓದಿ ಹೇಳಿದೆ. ಮೊಣಕಾಲಿನ ಮಾತು ಬಂದಾಗ ಅವಳು ನಕ್ಕಳು. ನೋವಿರುವುದು ಅವಳ ಭುಜಕ್ಕೆ, ಕಾಲಿಗಲ್ಲ. ಆದರೂ ಕೇಳಿದನಲ್ಲ ಎಂದಳು.

ಓಟಿನ ಮಾತು ಬಂದಾಗ ಮಾತ್ರ ಅದನ್ನು ಇನ್ನೊಮ್ಮೆ ಓದಿಸಿದಳು.

"ಅವ್ನು ನನ್ ಹೆಸ್ರು ಬರ್ದಿಲ್ವಲ್ಲ ಕೆಟೂರಾ."

"ನೀವು ಅಂತ ಬರ್ದಿದಾನಲ್ಲ. ಇಬ್ರಿಲ್ದೆ ನೀವು ಎಲ್ಲಿಂದ ಬರತ್ತೆ? ಅವನನ್ನ ಬೆಳೆಸಿದ್ದು ನಾನು."

ಅವಳು ಸೋಪಿನ ಕಡಾಯಿಯನ್ನು ಕದಡತೊಡಗಿದಳು. ಅರ್ಜಿಗೆ ಹಳ್ಳದ ಆಚೆಯ ಮನೆಗಳವರ ಗುರುತು ಬಿಟ್ಟರೆ ಉಳಿದದ್ದೆಲ್ಲ ಆಗಿತ್ತು. ಮಾರನೆಯ ದಿನ ಅತ್ತ ಕಡೆ ಹೊರಡುವವಳಿದ್ದಳು, ನಡೆಯಲೆಂದು ಬೂಟಿಗೆ ಎಣ್ಣೆ ಹಾಕಿಟ್ಟಿದ್ದಳು. ಆಮೇಲೆ ಹೇಳಿದಳು, "ನಿನ್ ಮಾತಿನ್ ಮೇಲೆ ನಿಲ್ಲಿಸ್ತೀನಿ. ಅವನ ಮಾತಿನ್ ಮೇಲಲ್ಲ."

ಎರಡೂ ಒಂದೇ ಎಂದೆ. ಅರ್ಜಿ ಈಗ ಅವಳ ಮನೆಯಲ್ಲಿದೆ. ಮುಖ್ಯ ರಸ್ತೆಯ ಟ್ಯಾಸಿ ಎವರ್ನಮ್ ಮೊದಲಾಗಿ ಉಳಿದ ವಿಧವೆಯರಿಗೂ ಹೇಳಿ ಕಳಿಸಿದೆ, ಮಾಹ್ಲನ್ ಎಲ್ಲರಿಗೂ ಮಾತು ಕೊಟ್ಟಿದ್ದಾನೆ, ಯಾರೂ ಟ್ರೆಂಟನ್ ದಾರಿ ಹಿಡಿಯಬೇಕಾಗಿಲ್ಲ ಎಂದು. ಟ್ಯಾಸಿಗೆ ಸ್ವಲ್ಪ ಬೇಸರವಾಯಿತು. ಟ್ರೆಂಟನ್ ನೋಡುವ ನೆಪಕ್ಕೆಂದು ಹೊಸ ಶಾಲು ಹೊಲಿಸಿದ್ದಳು.

ನಾನೇನಾದರೂ ತಪ್ಪು ತಿಳಿದಿದ್ದರೆ ತಕ್ಷಣ ಬರೆ. ಅರ್ಜಿ ಎರಡು ದಿನದಲ್ಲಿ ನಿನ್ನ ಕೈಗೆ ಬಂದು ಬೀಳುತ್ತದೆ. ಹಾಗೆ ಬರೆಯುವ ಪ್ರಸಂಗ ಬರುವುದಿಲ್ಲವೆಂದು ನನಗೆ ಗೊತ್ತು. ವಯೊಲೆಟ್ ಹೇಳಿದಳೆಂದು ಬರೆದಿದ್ದೇನೆ.

ದಿಂಬನ್ನು ಆ ಮುದುಕನಿಂದ ವಾಪಸು ತೆಗೆದುಕೋ.

ಕೆಟೂರಾ ಹೇನ್ಸ್


ಟ್ರೆಂಟನ್
೧೮೦೭ ನವೆಂಬರ್ ೧೮

ಪ್ರೀತಿಯ ಅಜ್ಜಿಗೆ,

ಕೆಲಸದ ಒತ್ತಡದಲ್ಲಿ ಬೇಗ ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ. ಇಲ್ಲಿ ಮೊದಲ ಹಿಮ ಬಿದ್ದಿದೆ. ಡೆಲವೇರ್ ನದಿಯ ಹೊಸ ಸೇತುವೆಯ ಮೇಲೆ ದಿನವೂ ಸಂಜೆ ನಡೆದು ಬರುತ್ತೇನೆ. ನಾನಿರುವ ಮನೆಯವರು ವಾರಕ್ಕೆರಡು ಸಲ ಸಿಂಪಿ ಬೇಯಿಸುತ್ತಾರೆ, ನಿಮ್ಮ ಕೈಯ ಬೀನ್ಸಿನ ರುಚಿ ಯಾವುದಕ್ಕೂ ಇಲ್ಲ.

ಸಭೆ ಈ ವಾರ ಹಲವು ಕಾಯಿದೆಗಳನ್ನು ಮುಗಿಸಿತು. ರಸ್ತೆಗಳದು, ಒಂದು ಸಾಲದ ಬ್ಯಾಂಕಿನದು, ಹಾಗೆಯೇ ಚುನಾವಣೆಯ ಬಗ್ಗೆ ಒಂದು ವಿವರಣೆಯೂ ಹೊರಬಿದ್ದಿದೆ. ಅದನ್ನು ಕಾಗದದಲ್ಲಿ ಬರೆಯುವುದಕ್ಕಿಂತ ಮುಖತಃ ಹೇಳುವುದು ಒಳ್ಳೆಯದು. ಆ ಹೆಂಡದಂಗಡಿಯ ಜಗಲಿಯ ಒರಟು ಮಾತುಗಳು ಇನ್ನು ಮುಂದೆ ನಿಮ್ಮ ಕಿವಿಗೆ ಬೀಳುವುದಿಲ್ಲವಲ್ಲ ಎಂಬುದೊಂದು ನನಗೆ ಸಮಾಧಾನ.

ಫ್ಲಾನೆಲ್ ಮರೆಯಬೇಡಿ.

ಮೊಮ್ಮಗ
ಮಾಹ್ಲನ್


ಹಾಪ್‌ಬ್ರೂಕ್
೧೮೦೭, ಹನ್ನೊಂದನೇ ತಿಂಗಳು, ೨೬

ಮಾಹ್ಲನ್,

ಹಿಟ್ಟಿನ ಗಿರಣಿಯ ಬಾರ್ಜಿಲೈ ಕೋಪ್ ಟ್ರೆಂಟನ್‌ಗೆ ಹಿಟ್ಟು ಮಾರಲು ಬಂದಿದ್ದ. ಚಳಿಗೆ ಎಲ್ಲಾದರೂ ಬೆಚ್ಚಗೆ ಕೂರೋಣವೆಂದು ನಿಮ್ಮ ಸಭೆಯ ಮೇಲಂತಸ್ತಿಗೆ ಹತ್ತಿದನಂತೆ. ನಿನ್ನನ್ನು ನೋಡಿದ. ಕೂಗಿ ಕರೆಯೋಣ ಅಂದುಕೊಂಡನಂತೆ, ಅಷ್ಟರಲ್ಲಿ ನೀನು ಮಾತಾಡಲು ಎದ್ದೆ.

ಗಿರಣಿಯಲ್ಲಿ ಎಲ್ಲರ ಮುಂದೆ ಅದನ್ನು ಹೇಳಿದ. ಹೆಮ್ಮೆಯಿಂದಲೇ ಹೇಳಿದ, ನಮ್ಮೂರ ಹುಡುಗ ಎಷ್ಟು ನೇರ ನಿಂತು ಮಾತಾಡುತ್ತಾನೆ ಎಂದು. ಇನ್ನು ಮೇಲೆ ಓಟು ಬಿಳಿಯ ಗಂಡಸಿಗೆ ಮಾತ್ರವಂತೆ. ಬೇಡವೆಂದವರು ಒಂದು ಕೈಯ ಬೆರಳಿನಷ್ಟೇ ಜನವಂತೆ. ನೀನು ಆ ಕೈಯಲ್ಲಿರಲಿಲ್ಲ. ಓಟು ಕಳೆದುಕೊಳ್ಳುವವರು ಏನನ್ನುತ್ತಾರೆ ಎಂದು ಯಾರೋ ಕೇಳಿದಾಗ ನೀನು ಎದ್ದು ಹೀಗೆ ಅಂದೆಯಂತೆ. ಬಾರ್ಜಿಲೈಗೆ ಅದು ಬಾಯಿಪಾಠವಾಗಿದೆ. "ನನ್ನ ಜಿಲ್ಲೆಯಿಂದ ಒಬ್ಬ ಹೆಂಗಸೂ ಇದರ ವಿರುದ್ಧ ಒಂದು ಸಾಲು ಬರೆದು ಕಳಿಸಿಲ್ಲ."

ಹೌದು, ಕಳಿಸಿಲ್ಲ. ಯಾಕೆ ಕಳಿಸಲಿಲ್ಲ ಎಂದು ನನ್ನ ಐದನೇ ತಾರೀಕಿನ ಪತ್ರದಲ್ಲಿತ್ತು. ಅದು ನಿನ್ನ ಕೋಟಿನ ಯಾವ ಜೇಬಿನಲ್ಲಿತ್ತು?

ಬೇರೆ ಯಾರ ಬಾಯಿಂದಲೂ ಕೇಳುವುದು ಬೇಡವೆಂದು ಗಿರಣಿಯಿಂದ ನೆಟ್ಟಗೆ ವಯೊಲೆಟ್ ಮನೆಗೇ ಹೋಗಿ ನಾನೇ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು. ಕೈ ಒರೆಸಿಕೊಂಡು ಎದುರಿಗೆ ಕೂತಳು.

"ನಿಮ್ ಜನ ಗವರ್ನರ್‌ಗೂ ನೀನು ಅಂತೀರಿ, ನನಗೂ ನೀನು ಅಂತೀರಿ. ಅದನ್ ಕೇಳ್ಕೊಂಡು ಖುಷಿಯಾಗಿ ಇಷ್ಟು ವರ್ಷ ನಿಮ್ ಪ್ರಾರ್ಥನೆ ಸಭೇಲಿ ಮೆಟ್ಟಿಲ ಕೆಳಗಿನ ಬೆಂಚಲ್ಲಿ ಕೂತಿದೀನಿ ಕೆಟೂರಾ. ನಿನ್ ಪಕ್ಕ ಬಾ ಅಂತ ನೀನು ಯಾವತ್ತಾದ್ರೂ ಕರ್ದಿದೀಯಾ?"

ಆ ಬೆಂಚು ಕಪ್ಪುಜನಕ್ಕೆಂದು ನಮ್ಮ ಪ್ರಾರ್ಥನೆಯ 'ಸಭೆ'ಯವರು ಎಲ್ಲಿಯೂ ಬರೆದಿಲ್ಲ. ಆದರೆ ಬೇರೆ ಯಾರೂ ಅದರ ಮೇಲೆ ಕೂತದ್ದನ್ನು ನಾನು ನೋಡಿಲ್ಲ.  

ಹೊರಡುವಾಗ ಅವಳು ಅರ್ಜಿಯನ್ನು ನನ್ನ ಕೈಗೆ ಕೊಟ್ಟಳು. ಇದರ ಜೊತೆ ಇಟ್ಟಿದ್ದೇನೆ. ಈಗಲಾದರೂ ಎದ್ದು ನಿಂತು ಓದು. ಕಾನೂನು ಬದಲಾಗುವುದಿಲ್ಲ, ಅಷ್ಟು ನನಗೂ ಗೊತ್ತು. ಇವರು ಬೇಡವೆಂದಿದ್ದರು ಎಂಬುದೊಂದು ಆ ಗೋಡೆಗಳ ಕಿವಿಗಾದರೂ ಬೀಳಲಿ.

ಇನ್ನೊಂದು ಪ್ರಶ್ನೆ. ನಿಮ್ಮ ಸಭೆಯನ್ನು ಮಾಡಿದ್ದು ಸಂವಿಧಾನ. ಅದು ಮಾಡಿದ ಸಭೆ ಕೂತು ಅದನ್ನೇ ತಿದ್ದುವುದೆಂದರೆ ನನ್ನ ತಲೆಗೆ ಹತ್ತುವುದಿಲ್ಲ. ನಿನ್ನ ವಕೀಲಿ ಪುಸ್ತಕಗಳಲ್ಲಿ ಅದಕ್ಕೇನಾದರೂ ಹೆಸರಿದ್ದರೆ ಬರೆ.

ಕೆಟೂರಾ ಹೇನ್ಸ್


ಟ್ರೆಂಟನ್
೧೮೦೭ ಡಿಸೆಂಬರ್ ೨೦

ಅಜ್ಜಿಗೆ,

ಸಂವಿಧಾನವನ್ನು ತಿದ್ದಿಲ್ಲ. ವಿವರಿಸಿದ್ದೇವೆ. ಕಾಯಿದೆಯಲ್ಲಿ ಹಾಗೆಯೇ ಬರೆದಿದೆ. 'ನಿವಾಸಿಗಳು' ಎಂಬ ಮಾತಿನ ಬಗ್ಗೆ ಸಂದೇಹಗಳಿದ್ದವು, ರಾಜ್ಯದ ಶಾಂತಿ, ಶಿಸ್ತು, ಘನತೆಗಳಿಗಾಗಿ ಅವುಗಳನ್ನು ಪರಿಹರಿಸಲಾಗಿದೆ. ಸದಸ್ಯನಾಗಿ ನಾನು ಮಾತು ಕೊಟ್ಟಿರುವುದು ಸಂವಿಧಾನದ ಮೂರು ಸಂಗತಿಗಳನ್ನು ಮುಟ್ಟುವುದಿಲ್ಲವೆಂದು ಮಾತ್ರ. ವರ್ಷವರ್ಷ ನಡೆಯುವ ಚುನಾವಣೆ, ಪಂಚರ ಮುಂದೆ ವಿಚಾರಣೆ, ಅವರವರ ದೇವರ ಪೂಜೆ. ಯಾರು ಓಟು ಹಾಕಬೇಕು ಎಂಬುದು ಆ ಮೂರರಲ್ಲಿ ಇಲ್ಲ. ಬರೆದವರು ಬೇಕೆಂದೇ ಬಿಟ್ಟರೋ ಮರೆತರೋ ನಾನರಿಯೆ. ಕಾನೂನಿನ ದೃಷ್ಟಿಯಿಂದ ನಾನು ಯಾವ ತಪ್ಪನ್ನೂ ಮಾಡಿಲ್ಲ.

ನಿನ್ನ ಪತ್ರ ಮೊದಲೇ ಬಂದಿತ್ತು. ಓದಿದೆ. ಉತ್ತರ ಬರೆದು ಹರಿದೆ, ಮತ್ತೆ ಬರೆದೆ, ಅದನ್ನೂ ಹರಿದೆ. ಆ 'ನೀವು' ನಿನ್ನೊಬ್ಬಳಿಗೇ ಬರೆದದ್ದು ಅಜ್ಜಿ. ಇಲ್ಲಿ ದಿನವಿಡೀ ಹಾಗೆಯೇ ಮಾತಾಡುತ್ತಾರೆ, ಬರೆಯುವ ಕೈಗೂ ಬಂದುಬಿಟ್ಟಿತ್ತು. ಗೌರವವೆಂದೇ ಬರೆದೆ. ನಿನ್ನೊಬ್ಬಳ ಓಟನ್ನಾದರೂ ಹೇಗಾದರೂ ಉಳಿಸಬಹುದೆಂದು ಆಗ ನಿಜವಾಗಿ ಎಣಿಸಿದ್ದೆ. ವಯೊಲೆಟ್‌ಳದನ್ನು ಯಾರಿಂದಲೂ ಉಳಿಸಲಾಗುತ್ತಿರಲಿಲ್ಲ. ಹಾಗೆಂದು ಬರೆದಿದ್ದರೆ ನೀನು ಅರ್ಜಿ ಕಳಿಸುತ್ತಿದ್ದೆ. ಕಳಿಸಿದ್ದರೆ ನಾನು ಓದಬೇಕಾಗುತ್ತಿತ್ತು. ಓದಿದ್ದರೆ ಮುಂದಿನ ವರ್ಷ ಈ ಬೆಂಚಿನಲ್ಲಿ ನಾನಿರುವುದಿಲ್ಲ, ನಿನ್ನ ಓಟೂ ಇರುವುದಿಲ್ಲ. ನಾನು ಸೋತರೆ ನಿನಗೆ ಸಿಗುವುದೇನು? ನೀನೇ ಹೇಳು.

ಬೇಡವೆಂದ ಆ ಐವರನ್ನು ಈಗ ಯಾರೂ ಊಟಕ್ಕೆ ಕರೆಯುವುದಿಲ್ಲ.

ಅರ್ಜಿ ನನ್ನ ಬಳಿ ಭದ್ರವಾಗಿದೆ. ಈಗ ಅದನ್ನು ಓದುವುದರಿಂದ ಯಾರಿಗೂ ಪ್ರಯೋಜನವಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳದೆ ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಮಾಹ್ಲನ್


ಹಾಪ್‌ಬ್ರೂಕ್
೧೮೦೮, ಹತ್ತನೇ ತಿಂಗಳು, ೨೦

ಮಾಹ್ಲನ್,

ಚಳಿಗಾಲ ಕಳೆದು ಬೇಸಗೆಯೂ ಕಳೆಯಿತು. ನೀನು ಬರೆದ ಪತ್ರಗಳನ್ನೆಲ್ಲ ಓದಿದೆ. ಉತ್ತರ ಬರೆಯುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ, ಸಿಂಪಿಗಳ ವಿಷಯಕ್ಕೆ ನಾನೇನು ಹೇಳಲಿ.

ಮತ್ತೆ ಗೆದ್ದೆಯಂತೆ. ಈ ಸಲ ನಮ್ಮ ಕಡೆಯಿಂದ ನಿನಗೆ ಓಟು ಹಾಕಿದವರಲ್ಲಿ ಅಬ್ನರ್ ಪ್ಯಾಕ್ ಒಬ್ಬ. ಹೊಲ ಇಲ್ಲ, ಮನೆ ಇಲ್ಲ, ಅತ್ತೆಯ ಹಟ್ಟಿಯಲ್ಲಿ ಬಿದ್ದಿರುತ್ತಾನೆ. ಆದರೆ ನಾಯಿಗೆ ತೆರಿಗೆ ಕಟ್ಟುತ್ತಾನೆ. ಯಾವುದೋ ಒಂದು ತೆರಿಗೆ ಕಟ್ಟಿದ ಬಿಳಿಯ ಗಂಡಸೆಲ್ಲ ಐವತ್ತು ಪೌಂಡಿನವನೇ ಎಂದು ನಿಮ್ಮ ವಿವರಣೆಯಲ್ಲಿದೆಯಂತೆ. "ನನ್ ನಾಯೀನೇ ನನಗೆ ಓಟು ಕೊಡಿಸ್ತು" ಎಂದು ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದ. ಒಳ್ಳೆಯ ನಾಯಿ. ಅದರ ಮೇಲೆ ನನಗೇನೂ ಸಿಟ್ಟಿಲ್ಲ.

ವಯೊಲೆಟ್ ಪ್ರಾರ್ಥನೆಗೆ ಬರುವುದನ್ನು ಬಿಟ್ಟಿದ್ದಾಳೆ. ಬೇಲಿಯ ಹತ್ತಿರ ಕಂಡರೆ ಮೋಡ ಗಾಳಿಯ ಮಾತಾಡುತ್ತಾಳೆ. ಒಮ್ಮೆ ನಮ್ಮ ಪ್ರಾರ್ಥನೆಯ ಮನೆಯಲ್ಲಿ ನಾನು ಹೋಗಿ ಆ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತೆ. ಖಾಲಿ ಬೆಂಚು. ಹಿರಿಯರು ಬಂದು, ಅಲ್ಲಿ ಗಾಳಿ ಬೀಸುತ್ತದೆ, ಮೊಣಕಾಲಿಗೆ ಒಳ್ಳೆಯದಲ್ಲ ಎಂದು ಎಬ್ಬಿಸಿದರು.

ಈಗ ನಾನು ಬರೆಯಲು ಕೂತ ಕಾರಣ. ತೆರಿಗೆಯವನು ಬಂದು ನನ್ನ ಹೊಲ, ಮನೆ, ಹಸು ನೋಡಿ ಬರೆದುಕೊಂಡು ಹೋದ. ನಾನು ಕಟ್ಟುವುದಿಲ್ಲ. ನಮ್ಮ ಮಾತಿಲ್ಲದೆ ನಮ್ಮ ದುಡ್ಡಿಲ್ಲ ಎಂದು ಈ ದೇಶದವರು ದೊರೆಯ ಜೊತೆ ಅಷ್ಟು ವರ್ಷ ಹೊಡೆದಾಡಿದರಲ್ಲ. ಹೊಡೆದಾಟ ನಮ್ಮವರಿಗೆ ಸಲ್ಲದು, ಆದರೆ ಆ ಮಾತು ನನಗೆ ಆಗಲೂ ಸರಿ ಕಂಡಿತ್ತು. ಆಗ ಯುದ್ಧದ ತೆರಿಗೆ ಕೊಡದ್ದಕ್ಕೆ ನಮ್ಮ ಕೊಟ್ಟಿಗೆಯಿಂದ ಹಸು ಹೋಯಿತು. ಹರಾಜು ಕೂಗುವವನು ಯಾರ ಹಸು, ಯಾತಕ್ಕೆ ಎಂದು ನಾಲ್ಕು ಜನರ ಮುಂದೆ ಹೇಳಿದ. ಈಗಲೂ ಹೇಳಬೇಕಾಗುತ್ತದೆ. ಕೆಟೂರಾ ಹೇನ್ಸ್‌ಳ ಹಸು, ಓಟಿಲ್ಲದೆ ತೆರಿಗೆ ಕೊಡುವುದಿಲ್ಲ ಎಂದಳು. ಅಷ್ಟು ಮಾತು ಆ ಅಂಗಳದಲ್ಲಿ ಒಮ್ಮೆ ಕೇಳಿಸಿದರೆ ಸಾಕು. ನನಗೆ ಉಳಿದಿರುವ ಓಟು ಅದೊಂದೇ.

ನಮ್ಮ ಹಿರಿಯರು ಬಂದು ಬುದ್ಧಿ ಹೇಳಿದರು. ಯುದ್ಧದ ತೆರಿಗೆ ಬೇರೆ, ರಸ್ತೆ ಸೇತುವೆಯ ತೆರಿಗೆ ಬೇರೆ ಎಂದರು. ಕೇಳಿಕೊಂಡೆ, ಕುಡಿಯಲು ಸೇಬಿನ ಸೈಡರ್ ಕೊಟ್ಟೆ, ಕಳಿಸಿದೆ.

ನಿನ್ನಲ್ಲಿ ಕೇಳುವುದು ಒಂದೇ. ನನಗೆ ಸಹಾಯ ಮಾಡಬೇಡ. ಯಾವ ರೀತಿಯಲ್ಲಿಯೂ ಮಾಡಬೇಡ. ಹಸು ಹೋಗಲಿ.

ಕೆಟೂರಾ ಹೇನ್ಸ್


ಟ್ರೆಂಟನ್
೧೮೦೮ ನವೆಂಬರ್ ೧೪

ಪ್ರೀತಿಯ ಅಜ್ಜಿಗೆ,

ಕೊನೆಗೂ ನಿಮ್ಮ ಕೈಬರಹ ಕಂಡು ಕಣ್ಣು ತುಂಬಿತು. ಪತ್ರದ ಒಳಗಿನ ಮಾತಿಗಿಂತ ಪತ್ರ ಬಂತಲ್ಲ ಎಂಬುದೇ ದೊಡ್ಡದು. ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಈ ವಯಸ್ಸಿನಲ್ಲಿ ಕಾನ್‌ಸ್ಟೆಬಲ್ ನಿಮ್ಮ ಅಂಗಳಕ್ಕೆ ಬಂದು ನಿಲ್ಲುವುದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ. ಎಲ್ಲ ಸರಿಹೋಗುತ್ತದೆ. ಹಸು ಎಲ್ಲಿಗೂ ಹೋಗುವುದಿಲ್ಲ, ನೀವು ಚಿಂತೆ ಮಾಡಬೇಡಿ.

ಮೊಮ್ಮಗ
ಮಾಹ್ಲನ್


ಹಾಪ್‌ಬ್ರೂಕ್
೧೮೦೯, ಮೊದಲ ತಿಂಗಳು, ೯

ಮಾಹ್ಲನ್,

ಕಾನ್‌ಸ್ಟೆಬಲ್ ಜೋಬ್ ಟಿಲ್ಟನ್ ಬಂದ. ಬರುವನೆಂದು ಗೊತ್ತಿದ್ದುದರಿಂದ ಹಸುವಿನ ಮೈ ಉಜ್ಜಿ, ಹಗ್ಗ ಕಟ್ಟಿ, ಅಂಗಳಕ್ಕೆ ತಂದು ನಿಲ್ಲಿಸಿಕೊಂಡಿದ್ದೆ. ಅವನು ಬೇಲಿಯ ಆಚೆಯಿಂದಲೇ ಟೊಪ್ಪಿ ಎತ್ತಿ, ಬಾವಿ ಹೆಪ್ಪುಗಟ್ಟಿದೆಯೇ ಎಂದು ಕೇಳಿ ಮುಂದಕ್ಕೆ ಹೊರಟ. ನಾನು ಕರೆದು ನಿಲ್ಲಿಸಿದೆ.

"ನಿಮ್ ತೆರಿಗೆ ಕಟ್ಟಾಗಿದೆಯಲ್ಲ ಅಜ್ಜಿ. ಟ್ರೆಂಟನ್‌ನಿಂದ ಮೊಮ್ಮಗ ಕಳಿಸಿದಾರೆ."

"ನಾನು ಕಟ್ಟಿಲ್ಲ."

"ಕಾಗದದಲ್ಲಿ ಕೆಟೂರಾ ಹೇನ್ಸ್ ಕಟ್ಟಿದಾರೆ ಅಂತಿದೆ. ಅಂದ್ಮೇಲೆ ಕಟ್ಟಿದೀರಿ."

ಕಟ್ಟಿದ್ದರೂ ಹಸುವನ್ನು ಹೊಡೆದುಕೊಂಡು ಹೋಗು ಎಂದೆ. ಹಾಗೆ ಒಯ್ದರೆ ಕಳ್ಳತನವಾಗುತ್ತದೆ ಎಂದ. ಇಂಥ ಮೊಮ್ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದೂ ಸೇರಿಸಿದ. ನಾನು ಸುಮ್ಮನಿದ್ದದ್ದು ಒಪ್ಪಿಗೆ ಎಂದು ಅಂದು ನೀನು ಸಭೆಗೆ ಹೇಳಿದೆ. ಈಗ ನಾನು ಬಾಯಿಬಿಟ್ಟು ಬೇಡವೆಂದದ್ದನ್ನೂ ನೀನು ಒಪ್ಪಿಗೆಯೆಂದೇ ಬರೆಸಿದ್ದೀಯ. ಇನ್ನು ನನಗೆ ಯಾವ ಭಾಷೆ ಉಳಿಯಿತು?

ಜೋಬ್ ಮುಂದಕ್ಕೆ ಹೋದದ್ದು ವಯೊಲೆಟ್ ಮನೆಗೆ. ನನಗೆ ಗೊತ್ತಿರಲಿಲ್ಲ. ಅವಳೂ ಕಟ್ಟುವುದಿಲ್ಲವೆಂದಿದ್ದಳು, ನನಗೆ ಹೇಳದೆ. ನನ್ನ ಬಳಿ ಯಾಕೆ ಹೇಳಬೇಕು. ಅವಳ ಹೆಸರಿಗೆ ಟ್ರೆಂಟನ್‌ನಿಂದ ಏನೂ ಬಂದಿರಲಿಲ್ಲ. ಸೋಪಿನ ಕಡಾಯಿಯನ್ನು ಎತ್ತಿ ಗಾಡಿಗೆ ಹೇರಿಕೊಂಡ. ಅಷ್ಟು ದೊಡ್ಡ ಕಬ್ಬಿಣದ ಕಡಾಯಿ ಈ ಊರಿನಲ್ಲಿ ಇನ್ನೊಂದಿಲ್ಲ. ಅದು ಹೋದರೆ ಅವಳಿಗೆ ಕೆಲಸವಿಲ್ಲ.

ಹರಾಜು ಹಿಂದಿನ ತಿಂಗಳ ಕೊನೆಯ ಶನಿವಾರ ಹೆಂಡದಂಗಡಿಯ ಅಂಗಳದಲ್ಲಿ ನಡೆಯಿತು. ಹಿಮ ಬೀಳುತ್ತಿತ್ತು. ಶನಿವಾರ ಎಂದು ಬರೆದೆ ನೋಡು, ಏಳನೇ ದಿನ ಎನ್ನಬೇಕಿತ್ತು, ನನಗೂ ಕೈ ತಪ್ಪುತ್ತಿದೆ. ವಯೊಲೆಟ್ ತನ್ನ ಒಳ್ಳೆಯ ಶಾಲು ಹೊದ್ದು ಮುಂದೆ ಬಂದು ನಿಂತಿದ್ದಳು. ಕೂಗುವವನು ಕಡಾಯಿಯ ಅಂಚನ್ನು ಕೋಲಿನಿಂದ ತಟ್ಟಿ, ಬಡ ವಿಧವೆ ಮಿಂಗೊ, ತೆರಿಗೆ ಕಟ್ಟಲಾಗದೆ, ಎಂದು ಶುರುಮಾಡಿದ.

"ಕಟ್ಟಕ್ಕಾಗ್ದೆ ಅಲ್ಲ" ಎಂದಳು ವಯೊಲೆಟ್. "ಕಟ್ಟಲ್ಲ ಅಂದೆ."

ಅವಳು ಕೂಗಿ ಹೇಳಲಿಲ್ಲ, ಆದರೆ ಅಲ್ಲಿದ್ದವರಿಗೆಲ್ಲ ಕೇಳಿಸಿತು. ನಾನೂ ಹಿಂದಿನಿಂದ ಕೂಗಿದೆ, ಅವಳು ಹೇಳಿದ ಹಾಗೆ ಹೇಳಿ ಕೂಗಯ್ಯಾ ಎಂದು. ಅವನಿಗೆ ಮುಜುಗರವಾಯಿತು. "ಆಯ್ತಮ್ಮ, ಆಯ್ತು" ಎಂದ. ಮತ್ತೆ ಕಟ್ಟಲಾಗದೆ ಎಂದೇ ಕೂಗಿದ.

ಆಮೇಲೆ ಆದದ್ದು ಇನ್ನೂ ಕೆಟ್ಟದು. ನಮ್ಮ ಪ್ರಾರ್ಥನೆಯವರೇ ಎಂಟು ಹತ್ತು ಜನ ಬಂದಿದ್ದರು. ಬಾರ್ಜಿಲೈ ಟೊಪ್ಪಿ ತೆಗೆದ. ಗವರ್ನರನ ಮುಂದೆಯೂ ಟೊಪ್ಪಿ ತೆಗೆಯದ ಮನುಷ್ಯ, ಅದನ್ನು ಚಿಲ್ಲರೆ ಕೂಡಿಸಲು ತೆಗೆದ. ಎಲ್ಲರೂ ಹಾಕಿದರು. ಅಬ್ನರ್ ಪ್ಯಾಕ್ ಕೂಡ ಹಾಕಿದ. ಆ ದುಡ್ಡಿನಲ್ಲಿ ಕಡಾಯಿ ಕೊಂಡು, ಅಲ್ಲಿಯೇ ವಯೊಲೆಟ್ ಮುಂದೆ ತಂದಿಟ್ಟು, ತಗೋ, ನಿನ್ನದೇ, ನಾವೆಲ್ಲ ಇದ್ದೇವೆ ಎಂದರು. ಒಬ್ಬರ ಮುಖದಲ್ಲೂ ಕೇಡಿರಲಿಲ್ಲ ಮಾಹ್ಲನ್. ಅದನ್ನೇ ನಿನಗೆ ಹೇಗೆ ಬರೆಯಲಿ ಎಂದು ಇಷ್ಟು ದಿನ ತಡಮಾಡಿದೆ.

ಅವಳು ಕಡಾಯಿಯನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಶಾಲನ್ನು ತಲೆಯ ಮೇಲೆಳೆದುಕೊಂಡು ರಸ್ತೆಗೆ ಇಳಿದು ನಡೆದಳು. ನಾನು ಹಿಂದೆ ಹೋದೆ, ನನ್ನ ಕಾಲಿಗೆ ಅವಳ ನಡಿಗೆ ಸಿಗಲಿಲ್ಲ. ಗಿರಣಿಯ ತಿರುವಿನಲ್ಲಿ ಬಾರ್ಜಿಲೈನ ಗಾಡಿ ನನ್ನನ್ನು ದಾಟಿತು, ಹಿಂದೆ ಕಡಾಯಿ ಇತ್ತು. ಅದನ್ನು ಅವಳ ಬಾಗಿಲಲ್ಲಿ ಇಳಿಸಿ, ವಾಪಸು ಬರುವಾಗ ನನ್ನ ಪಕ್ಕ ಗಾಡಿ ನಿಲ್ಲಿಸಿದ.

"ನಾಚ್ಕೊಂಡ್ಬಿಟ್ಳು, ಪಾಪ" ಎಂದ.

ಕೆಟೂರಾ ಹೇನ್ಸ್